ಹಸಿರು ಶಾಯಿಯ ಓದುಗ

ಬಂಟ್ವಾಳದ ಒಂದು ಹೆಂಚಿನ ಕಾರ್ಖಾನೆಯಲ್ಲಿ, ಸುಟ್ಟು ಬಂದ ಹೆಂಚುಗಳನ್ನು ಬೆರಳ ಗೆಣ್ಣಿನಿಂದ ಕುಟ್ಟಿ, ಸದ್ದು ಕೇಳಿ, ಗಟ್ಟಿಯದು ಯಾವುದು, ಒಳಗೆ ಬಿರುಕು ಬಿಟ್ಟದ್ದು ಯಾವುದು ಎಂದು ಬೇರೆ ಮಾಡುವ ಕೆಲಸ ಜತ್ತಪ್ಪನದು. ಆ ಒಂದು ಕೆಲಸದಲ್ಲಿ ಅವನಿಗೆ ಅನುಮಾನ ಎಂಬುದಿರಲಿಲ್ಲ. ಉಳಿದ ಎಲ್ಲದರಲ್ಲೂ ಇತ್ತು. ಮನೆಯಿಂದ ಹೊರಟವನು ಬಾಗಿಲು ಹಾಕಿದೆನೋ ಇಲ್ಲವೋ ಎಂದು ತಿರುಗಿ ಬಂದು ನೋಡುತ್ತಿದ್ದ. ಅಂಚೆ ಡಬ್ಬಿಗೆ ಕಾಗದ ಹಾಕಿದ ಮೇಲೆ ಅದರ ಬಾಯಿಯೊಳಗೆ ಬೆರಳು ತೂರಿಸಿ ನೋಡುತ್ತಿದ್ದ.

ಹತ್ತೊಂಬತ್ತು ವರ್ಷವಾಗುವವರೆಗೆ ಅವನಿಗೆ ಓದು ಬರಹ ಬರುತ್ತಿರಲಿಲ್ಲ. ಕಾರ್ಖಾನೆ ಬಿಟ್ಟ ಮೇಲೆ ಕೈಯ ಕೆಂಪು ಮಣ್ಣು ತೊಳೆದುಕೊಂಡು ಸಂಜೆ ತರಗತಿಗೆ ಹೋಗಿ ಅಕ್ಷರ ಕಲಿತವನು ಅವನು. ಕಲಿತದ್ದೇ ತಡ, ಸಿಕ್ಕಿದ್ದನ್ನೆಲ್ಲ ಓದಿದ. ರಷ್ಯದವರು ಆಕಾಶಕ್ಕೆ ಕೃತಕ ಚಂದ್ರನನ್ನು ಹಾರಿಸಿದ ಸುದ್ದಿ ಬಂದ ವರ್ಷ, ಗೋಡೆಯ ಮೇಲೆ ಇದ್ದಲಿನಿಂದ ರಾಕೆಟ್ಟು ಬರೆಯಲು ಶುರು ಮಾಡಿದ. ಹೆಂಡತಿ ಪ್ರೇಮಾವತಿ ಗೋಡೆ ಸಾರಿಸಿ ಸಾರಿಸಿ ಸೋತು, ಕೊನೆಗೆ ತಾನೇ ಒಂದು ಡ್ರಾಯಿಂಗ್ ಪುಸ್ತಕ ತಂದುಕೊಟ್ಟಳು.

ಹೀಗಿರುವಾಗ ಅವನು ‘ಗಗನಪಥ’ಕ್ಕೆ ಸೇರಿದ. ಅದು ಅಚ್ಚಾಗುವ ಪತ್ರಿಕೆಯಲ್ಲ, ಕೈಬರಹದ್ದು. ಎರಡು ತಿಂಗಳಿಗೊಮ್ಮೆ ಒಂದೇ ಒಂದು ಪ್ರತಿ. ಗ್ರಹಾಂತರದ ಕತೆಗಳು, ವಿಜ್ಞಾನದ ಸುದ್ದಿ, ಚೌಕ ಚೌಕವಾಗಿ ಬರೆದ ಚಿತ್ರಕತೆ. ಮೂಡಬಿದಿರೆಯ ಬಟ್ಟೆ ಅಂಗಡಿಯ ಜೀವಂಧರ ಅದರ ಸಂಪಾದಕ. ಕಾಗದಗಳನ್ನು ಹೊಲಿದು, ರಟ್ಟು ಹಾಕಿ, ಒಂದು ಖಾಕಿ ಚೀಲದಲ್ಲಿಟ್ಟು ಕಳುಹಿಸುತ್ತಿದ್ದ. ಚೀಲ ಮೂಡಬಿದಿರೆಯ ನಾಲ್ಕೈದು ಮನೆ ಸುತ್ತಿ, ಬಸ್ಸಿನ ಕಂಡಕ್ಟರನ ಕೈಯಲ್ಲಿ ವೇಣೂರು, ಅಲ್ಲಿಂದ ಬೆಳ್ತಂಗಡಿ, ಕೊನೆಗೆ ಬಂಟ್ವಾಳ. ಒಬ್ಬರ ಬಳಿ ಮೂರು ದಿನ. ಓದಿದವರು ಹಿಂದಿನ ಖಾಲಿ ಹಾಳೆಯಲ್ಲಿ ಅಭಿಪ್ರಾಯ ಬರೆಯಲೇಬೇಕು, ಅದೂ ಕಾವ್ಯನಾಮದಲ್ಲಿ. ಯಾರ ಹೆಸರು ಯಾರದೆಂದು ಸಂಪಾದಕನಿಗೆ ಮಾತ್ರ ಗೊತ್ತು. ಬರೆಯುವವನು ಶ್ರೀಮಂತನೋ ಕೂಲಿಯವನೋ, ಹೆಂಗಸೋ ಗಂಡಸೋ ಎಂದು ನೋಡದೆ ಬರಹವನ್ನಷ್ಟೇ ನೋಡಬೇಕು ಎಂದು ಆ ನಿಯಮ. ಜತ್ತಪ್ಪನಿಗೆ ಪತ್ರಿಕೆಗಿಂತ ಹೆಚ್ಚು ಇಷ್ಟವಾದದ್ದು ಆ ನಿಯಮವೇ.

ಅವನು ‘ಶಶಾಂಕ’ ಎಂಬ ಹೆಸರಿನಲ್ಲಿ ‘ಚಂದ್ರನ ಹಿಂಬದಿ’ ಎಂಬ ಚಿತ್ರಕತೆ ಬರೆಯುತ್ತಿದ್ದ. ಸಂಚಿಕೆಗೆ ನಾಲ್ಕು ಪುಟ. ಚೀಲ ಹಿಂದಿರುಗುವಾಗ ಮುಂದಿನ ಪುಟಗಳನ್ನು ಅದರಲ್ಲೇ ಇಟ್ಟು ಕಳುಹಿಸುತ್ತಿದ್ದ. ಚೀಲ ತನ್ನ ಕೈಗೆ ಬಂದ ದಿನ ಮೊದಲು ತೆರೆಯುತ್ತಿದ್ದುದು ಕೊನೆಯ ಹಾಳೆ. ಅಲ್ಲಿ ಎಲ್ಲರಿಗಿಂತ ಮೇಲೆ, ಹಸಿರು ಶಾಯಿಯಲ್ಲಿ, ‘ಅಭಿಜಿತ್’ ಎಂಬವರ ಅಭಿಪ್ರಾಯ ಇರುತ್ತಿತ್ತು. ಪ್ರತಿ ಸಲವೂ ಅವರದೇ ಮೊದಲು ಏಕೆ ಎಂದು ಅವನು ಯೋಚಿಸಿರಲಿಲ್ಲ.

ಮೊದಲನೆಯ ಸಲ ಅಭಿಜಿತ್ ಬರೆದದ್ದು ಎರಡೇ ಸಾಲು. “ಎರಡನೇ ಪುಟದ ನಾಲ್ಕನೇ ಚಿತ್ರದಲ್ಲಿ ರಾಕೆಟಿನ ನೆರಳು ಸೂರ್ಯನ ಕಡೆಗೇ ಬಿದ್ದಿದೆ. ಶಶಾಂಕರು ಹೊರಗೆ ಬಂದು ಒಮ್ಮೆ ಬಿಸಿಲು ನೋಡಲಿ.”

ಓದಿದಾಗ ಅವನ ಕಿವಿ ಬಿಸಿಯಾಯಿತು. ಮರುದಿನ ಕಾರ್ಖಾನೆಯ ಅಂಗಳದಲ್ಲಿ ಒಂದು ಹೆಂಚನ್ನು ನೆಟ್ಟಗೆ ನಿಲ್ಲಿಸಿ, ಬೆಳಿಗ್ಗೆಯ ನೆರಳು, ಮಧ್ಯಾಹ್ನದ ನೆರಳು, ಸಂಜೆಯ ನೆರಳು ಎಲ್ಲ ನೋಡಿದ. ಮೇಸ್ತ್ರಿ ತಲೆ ಸರಿ ಉಂಟಾ ಎಂದು ಕೇಳಿದ. ಅಭಿಜಿತ್ ಹೇಳಿದ್ದು ಸರಿಯಿತ್ತು. ಅಂದಿನಿಂದ ಜತ್ತಪ್ಪ ಆ ಹೆಸರನ್ನು ನಂಬಿದ. ಹೊಗಳಿದವರನ್ನು ಅವನು ನಂಬುತ್ತಿರಲಿಲ್ಲ. ತನ್ನ ಚಿತ್ರವನ್ನು ಇಷ್ಟು ಸೂಕ್ಷ್ಮವಾಗಿ ನೋಡಿದ ಮನುಷ್ಯ ಲೋಕದಲ್ಲಿ ಒಬ್ಬನಿದ್ದಾನೆ ಎಂಬುದು ಅವನಿಗೆ ದೊಡ್ಡದಾಗಿ ಕಂಡಿತು.

ಆಮೇಲೆ ಅವನು ಅಭಿಜಿತ್‌ಗೆ ಕಾಗದ ಬರೆಯತೊಡಗಿದ. ಲಕೋಟೆಯ ಬಾಯಿ ಅಂಟಿಸಿ, ಮೇಲೆ ಹೆಸರು ಬರೆದು ಚೀಲದಲ್ಲಿ ಇಡುವುದು, ಸಂಪಾದಕರು ತಲುಪಿಸುವುದು. ಉತ್ತರವೂ ಹಸಿರು ಶಾಯಿಯಲ್ಲೇ ಬರುತ್ತಿತ್ತು, ಚಿಕ್ಕದಾಗಿ. “ಬರೆಯುತ್ತಿರಿ. ನಿಮ್ಮ ಬಗ್ಗೆಯೂ ಬರೆಯಿರಿ.” ಅವನು ಬರೆದ. ಮೂರು ವರ್ಷದಲ್ಲಿ ಒಟ್ಟು ಒಂಬತ್ತು ಕಾಗದ. ಹೆಂಡತಿಗೂ ಹೇಳದ್ದನ್ನು ಅವುಗಳಲ್ಲಿ ಬರೆದಿದ್ದ.

ಪ್ರೇಮಾವತಿಗೆ ಓದಲು ಬರುತ್ತಿರಲಿಲ್ಲ, ಆದರೆ ಲಕೋಟೆಯ ದಪ್ಪ ಕಾಣುತ್ತಿತ್ತು. “ಮುಖ ನೋಡದ ಜನಕ್ಕೆ ಇಷ್ಟು ಬರೆಯುವುದಾ ನೀವು?” ಎಂದು ಒಮ್ಮೆ ಕೇಳಿದ್ದಳು. ಮುಖ ನೋಡದ್ದರಿಂದಲೇ ಬರೆಯಲಾಗುವುದು ಎಂದು ಅವಳಿಗೆ ಹೇಗೆ ಹೇಳುವುದೆಂದು ತಿಳಿಯದೆ ಅವನು ಲಕೋಟೆ ಅಂಟಿಸತೊಡಗಿದ್ದ.

ಸಾವಿರದ ಒಂಬೈನೂರ ಅರವತ್ತೆರಡನೆಯ ಇಸವಿಯ ಫೆಬ್ರವರಿಯಲ್ಲಿ ಚೀಲದೊಳಗೆ ಒಂದು ಪ್ರಕಟಣೆ ಬಂತು. ‘ಗಗನಪಥ’ದ ಓದುಗರೆಲ್ಲ ಆ ತಿಂಗಳ ಕೊನೆಯ ಭಾನುವಾರ ಮೂಡಬಿದಿರೆಯಲ್ಲಿ ಸೇರುವುದು. ಚಿತ್ರಪ್ರದರ್ಶನ, ಚರ್ಚೆ, ಊಟ, ಗ್ರಹಾಂತರ ವೇಷಗಳ ಛದ್ಮವೇಷ ಸ್ಪರ್ಧೆ; ಕೊನೆಗೆ ಎಲ್ಲರೂ ವೇದಿಕೆಗೆ ಬಂದು ತಮ್ಮ ನಿಜವಾದ ಹೆಸರು ಹೇಳುವುದು. ಅಡಿಯಲ್ಲಿ ಹಸಿರು ಶಾಯಿಯಲ್ಲಿ ಒಂದು ಸಾಲು: “ನಾನೂ ಬರುತ್ತೇನೆ. ಅಭಿಜಿತ್.”

ಜತ್ತಪ್ಪನಿಗೆ ಒಂದು ವಾರ ಊಟ ರುಚಿಸಲಿಲ್ಲ. ಹೋಗುವುದೋ ಬೇಡವೋ ಎಂದು ಹತ್ತು ಸಲ ತೀರ್ಮಾನಿಸಿ ಹತ್ತು ಸಲ ಮುರಿದ. ಕೊನೆಗೆ ಹೋಗುವುದೆಂದಾಯಿತು, ಆದರೆ ವೇಷ ಹಾಕಿಕೊಂಡು. ಮುಖ ಮುಚ್ಚಿಕೊಂಡೇ ಮೊದಲು ಅಭಿಜಿತ್ ಯಾರೆಂದು ನೋಡಿಬಿಡುವುದು, ಧೈರ್ಯ ಬಂದರೆ ಮುಖ ತೋರಿಸುವುದು, ಇನ್ನೂ ಧೈರ್ಯ ಬಂದರೆ ಹೊಸದಾಗಿ ಬರೆದ ಪುಟಗಳನ್ನು ಅವರ ಕೈಯಲ್ಲೇ ಇಟ್ಟು, ಇದು ಸರಿ ಉಂಟಾ ಎಂದು ಕೇಳುವುದು. ಗಂಡ ಹೆಂಡತಿ ಸೇರಿ ದೊಡ್ಡ ಮಡಕೆಯ ಮೇಲೆ ಹಳೆ ಪೇಪರು, ಮೈದಾ ಅಂಟು ಮೆತ್ತಿ ಒಣಗಿಸಿ, ಮಡಕೆ ಒಡೆದು, ಚಂದ್ರಲೋಕದವನ ತಲೆ ಮಾಡಿದರು. ಸುಣ್ಣ ಬಳಿದು, ಕಣ್ಣಿಗೆ ಎರಡು ತೂತು. ಮಡಕೆ ಒಡೆಯುವಾಗ ಪ್ರೇಮಾವತಿಗೆ ಸ್ವಲ್ಪ ಬೇಜಾರಾಯಿತು, ಒಳ್ಳೆಯ ಮಡಕೆ ಅದು.

ಭಾನುವಾರ ಸಿದ್ಧಕಟ್ಟೆ ದಾರಿಯ ಬಸ್ಸಿನಲ್ಲಿ ಅವನು ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. ಚೀಲ ತರುವ ಕಂಡಕ್ಟರನೇ ಆ ಬಸ್ಸಿನಲ್ಲಿದ್ದ. ಅದಕ್ಕೂ ಟಿಕೆಟು ಹರಿಯಬೇಕಾ ಎಂದು ಕೇಳಿ ಎಲ್ಲರನ್ನು ನಗಿಸಿದ. ಜತ್ತಪ್ಪನೂ ನಕ್ಕ. ಆ ದಿನ ಅವನು ನಕ್ಕದ್ದು ಅದೊಂದೇ ಸಲ.

ಶಾಲೆಯೊಂದರ ಉದ್ದದ ಕೋಣೆಯಲ್ಲಿ ಕೂಟ. ಹಗ್ಗ ಕಟ್ಟಿ ಮದ್ರಾಸು, ಬೊಂಬಾಯಿಗಳಿಂದ ತರಿಸಿದ ಚಿತ್ರಕತೆಯ ಪುಸ್ತಕಗಳನ್ನು ಬಟ್ಟೆ ಒಣಹಾಕಿದ ಹಾಗೆ ನೇತುಹಾಕಿದ್ದರು. ಓದುಗರು, ಅವರ ಮನೆಯವರು, ನೆಂಟರು ಎಲ್ಲ ಸೇರಿ ಎಪ್ಪತ್ತು ಜನ. ಚಂದ್ರನಲ್ಲಿ ಗದ್ದೆ ಮಾಡಬಹುದೇ ಎಂದು ಚರ್ಚೆ ನಡೆದು, ನೀರಿಲ್ಲದಿದ್ದರೆ ಆಗದು, ಇದ್ದರೂ ಆಳು ಸಿಗಲಿಕ್ಕಿಲ್ಲ ಎಂದು ತೀರ್ಮಾನವಾಯಿತು. ಜತ್ತಪ್ಪ ಮೂಲೆಯಲ್ಲಿ ನಿಂತು ಒಬ್ಬೊಬ್ಬರ ಅಂಗಿಯ ಕಿಸೆಯನ್ನೇ ನೋಡುತ್ತಿದ್ದ. ಯಾರ ಪೆನ್ನಿನಲ್ಲಿ ಹಸಿರು ಶಾಯಿ ಇರಬಹುದು? ದಪ್ಪ ಕನ್ನಡಕದ ಒಬ್ಬ ಹಿರಿಯರು ನೇತುಹಾಕಿದ ಚಿತ್ರವೊಂದನ್ನು ಬಗ್ಗಿ ಬಗ್ಗಿ ನೋಡುವುದನ್ನು ಕಂಡು, ಇವರೇ ಎಂದುಕೊಂಡ. ಹತ್ತಿರ ಹೋದಾಗ ಅವರು, ಊಟ ಎಷ್ಟು ಹೊತ್ತಿಗೆ ಎಂದು ಕೇಳಿದರು.

ಊಟವಾದ ಮೇಲೆ ಛದ್ಮವೇಷ. ಒಬ್ಬ ಹಿತ್ತಾಳೆಯ ಕೊಡಕ್ಕೆ ಕೊಡೆಯ ಕಡ್ಡಿ ಸಿಕ್ಕಿಸಿಕೊಂಡು ಕೃತಕ ಚಂದ್ರನಾಗಿದ್ದ. ಇನ್ನೊಬ್ಬ ಮೈತುಂಬ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ. ಜತ್ತಪ್ಪನದು ಏಳನೆಯದು. ತಲೆ ಹಾಕಿಕೊಂಡು ಪರದೆಯ ಬದಿಯಲ್ಲಿ ನಿಂತ. ಒಳಗೆ ಸುಣ್ಣದ, ಮೈದಾದ ವಾಸನೆ. ತನ್ನದೇ ಉಸಿರು ತನಗೆ ಕೇಳುತ್ತಿತ್ತು.

ಆರನೆಯವನಾಗಿ ಜೀವಂಧರನೇ ವೇದಿಕೆಗೆ ಬಂದ. ಮುಖಕ್ಕೆ ಕೆಂಪು ಬಣ್ಣ, ಹಣೆಗೆ ಎರಡು ಕೊಂಬು. ಮಂಗಳಗ್ರಹದ ಒಬ್ಬ ಚಿತ್ರಗಾರ ಭೂಲೋಕದ ಸಂಪಾದಕರಿಗೆ ಬರೆದ ಕಾಗದವನ್ನು ಓದುತ್ತೇನೆಂದು ಹೇಳಿ, ಒಂದು ಹಾಳೆ ಬಿಡಿಸಿದ. ಸ್ವರವನ್ನು ಎಳೆದು, ಹೆದರಿದವನ ಹಾಗೆ ನಡುಗಿಸಿ ಓದಿದ:

“ಪುಟ ಕಳುಹಿಸುವ ಮೊದಲು ನಾನು ಮೂರು ಸಲ ಓದುತ್ತೇನೆ. ಬಾವಿಕಟ್ಟೆಯಲ್ಲಿ ಕುಳಿತು ಇನ್ನೊಮ್ಮೆ. ಬಸ್ಸು ಹೊರಟ ಮೇಲೆ, ತಪ್ಪು ಉಂಟು ಅಂತ ಅದರ ಹಿಂದೆ ಓಡುವ ಅನಿಸುತ್ತದೆ. ಒಮ್ಮೆ ಓಡಿಯೂ ಇದ್ದೇನೆ.”

ಕೋಣೆ ಗೊಳ್ಳೆಂದಿತು. ಜತ್ತಪ್ಪನಿಗೆ ಮೊದಲು ಅರ್ಥವಾದದ್ದು ಸಾಲುಗಳಲ್ಲ, ‘ಬಾವಿಕಟ್ಟೆ’ ಎಂಬ ಮಾತು. ಮಂಗಳಗ್ರಹದಲ್ಲಿ ಬಾವಿ ಎಲ್ಲಿಂದ ಬಂತು ಎಂದು ಅವನ ಮನಸ್ಸು ಕೇಳಿಕೊಂಡಿತು. ಬಾವಿಕಟ್ಟೆ ತನ್ನ ಮನೆಯದು, ಕಾಗದ ತಾನು ಅಭಿಜಿತ್‌ಗೆ ಬರೆದದ್ದು.

“ನಾನು ಚಂದ್ರನ ಚಿತ್ರ ಏಕೆ ಬರೆಯುವುದೆಂದರೆ,” ಜೀವಂಧರ ಎದೆಗೆ ಕೈಯಿಟ್ಟುಕೊಂಡ, “ಅಲ್ಲಿ ಯಾರೂ ನೀನು ಎಷ್ಟನೇ ಕ್ಲಾಸು ಅಂತ ಕೇಳುವುದಿಲ್ಲ.”

ಬೆಳ್ಳಿ ಕಾಗದದವನು ಪಕ್ಕದಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ನಗುತ್ತ ಜತ್ತಪ್ಪನ ಹೆಗಲಿಗೆ ಕೈ ಹಾಕಿ, ಎಂಥ ತಮಾಷೆ ಅಲ್ವಾ ಎಂದ. ಚಂದ್ರಲೋಕದ ತಲೆ ಅತ್ತಿತ್ತ ಆಡಿತು. ಒಂಬತ್ತು ಕಾಗದಗಳಿಂದ ಒಳ್ಳೊಳ್ಳೆಯ ಸಾಲುಗಳನ್ನು ಆರಿಸಿ ಜೋಡಿಸಿದ್ದರು. ಆರಿಸಿದವರಿಗೆ ಓದಲು ಬರುತ್ತಿತ್ತು, ಅದರಲ್ಲಿ ಸಂಶಯವಿಲ್ಲ.

ಏಳನೆಯವರು ಬರಬೇಕೆಂದು ಕೂಗಿದರು. ಹೇಳಲು ಅವನು ಎರಡು ಮಾತು ಬಾಯಿಪಾಠ ಮಾಡಿದ್ದ. ವೇದಿಕೆಯ ನಡುವೆ ನಿಂತ, ಮಾತು ಬರಲಿಲ್ಲ. ಕೈ ಎತ್ತಲಿಲ್ಲ, ತಲೆ ಅಲುಗಿಸಲಿಲ್ಲ. ಕೋಣೆಯ ನಗು ಮೆಲ್ಲನೆ ಅಡಗಿತು. ಎಷ್ಟೋ ಹೊತ್ತಿನ ಮೇಲೆ ಯಾರೋ ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು. ಅನ್ಯಲೋಕದ ಜೀವಿಯ ದಿಗ್ಭ್ರಮೆಯನ್ನು ಬಹಳ ಸಹಜವಾಗಿ ಅಭಿನಯಿಸಿದ್ದಾರೆಂದು ತೀರ್ಪುಗಾರರು ಎರಡನೆಯ ಬಹುಮಾನ ಕೊಟ್ಟರು. ಸೆಲ್ ಇಲ್ಲದ ಒಂದು ಟಾರ್ಚು.

ಚಹಾದ ಹೊತ್ತಿಗೆ ಅವನು ತಲೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಜೀವಂಧರನನ್ನು ಹುಡುಕಿದ. ಜೀವಂಧರ ಕಿಟಕಿಯ ಬಳಿ ಬಣ್ಣ ಒರೆಸಿಕೊಳ್ಳುತ್ತಿದ್ದ. ಅವನ ತಂಗಿ ಶಶಿಪ್ರಭಾ, ವೇಣೂರಿನಲ್ಲಿ ಟೀಚರು, ಪಕ್ಕದಲ್ಲಿ ತೆಂಗಿನೆಣ್ಣೆಯ ಬಟ್ಟಲು ಹಿಡಿದು ನಿಂತಿದ್ದಳು.

“ಅಭಿಜಿತ್ ಎಲ್ಲಿದ್ದಾರೆ?” ಜತ್ತಪ್ಪ ಕೇಳಿದ.

ಜೀವಂಧರ ನಕ್ಕ. “ನೀವು ಇನ್ನೂ ಹುಡುಕುವುದಾ ಮಾರಾಯ್ರೆ? ನಾನೇ. ಒಮ್ಮೊಮ್ಮೆ ಇವಳು ಬರೆದದ್ದುಂಟು, ಒಮ್ಮೊಮ್ಮೆ ನಮ್ಮ ಭಾವ. ಅಂಗಡಿಯಲ್ಲಿ ಯಾರಿಗೆ ಪುರುಸೊತ್ತು ಉಂಟೋ ಅವರು. ಪತ್ರಿಕೆಗೆ ಒಬ್ಬ ಖಡಕ್ ಓದುಗ ಬೇಕಲ್ಲ.”

“ನನ್ನ ಕಾಗದ ಓದಿದಿರಿ.”

“ಹೆಸರು ಹೇಳಿದ್ದೇನಾ? ಇಲ್ಲ. ಒಬ್ಬರಿಗೂ ಗೊತ್ತಾಗಲಿಲ್ಲ.”

“ನನಗೆ ಗೊತ್ತಾಯಿತು.”

ಜೀವಂಧರನ ಕೈ ಸ್ವಲ್ಪ ನಿಂತಿತು. ಮತ್ತೆ ಒರೆಸತೊಡಗಿ, ನೀವು ಚಂದ ಬರೆಯುತ್ತೀರಿ, ಅದಕ್ಕೇ ತೆಗೆದುಕೊಂಡದ್ದು, ಇದನ್ನು ಅವಮಾನ ಎಂದು ತಿಳಿಯಬಾರದು, ಎಲ್ಲ ನಮ್ಮವರೇ ಅಲ್ಲವಾ ಎಂದು ಸಮಾಧಾನ ಹೇಳಿದ. ಶಶಿಪ್ರಭಾ ಬಟ್ಟಲನ್ನೇ ನೋಡುತ್ತ, “ನಾನು ಬೇಡ ಅಂತ ಹೇಳಿದ್ದೆ,” ಎಂದಳು. ಹಾಗಾದರೆ ಇವಳೂ ಓದಿದ್ದಾಳೆ. ಭಾವನೂ ಓದಿರಬೇಕು. ಅಂಗಡಿಗೆ ಸೀರೆ ಕೊಳ್ಳಲು ಬಂದವರೂ ಓದಿದ್ದಾರೋ ಏನೋ.

ಕಾಗದಗಳನ್ನು ಹಿಂದೆ ಕೊಡಿ ಎಂದು ಅವನು ಕೇಳಿದ. ಅಂಗಡಿಯಲ್ಲಿ ಎಲ್ಲೋ ಉಂಟು, ಬರುವ ಚೀಲದಲ್ಲಿ ಕಳುಹಿಸುತ್ತೇನೆ ಎಂದ ಜೀವಂಧರ. ಅಲ್ಲಿಗೆ ಹೊರಡಬಹುದಿತ್ತು. ಆದರೆ ಇನ್ನೊಂದನ್ನು ಕೇಳದೆ ಜತ್ತಪ್ಪನಿಗೆ ಹೋಗಲಾಗಲಿಲ್ಲ.

“ರಾಕೆಟಿನ ನೆರಳು ಸೂರ್ಯನ ಕಡೆಗೆ ಬಿದ್ದಿದೆ ಅಂತ ಬರೆದಿದ್ದಿರಲ್ಲ. ಅದು ಬರೆದದ್ದು ಯಾರು?”

ಜೀವಂಧರ ತಂಗಿಯ ಮುಖ ನೋಡಿದ. ತಂಗಿ ತಲೆಯಾಡಿಸಿದಳು, ತಾನಲ್ಲ ಎಂದು.

“ಯಾವ ನೆರಳು?” ಎಂದ ಜೀವಂಧರ.

ಹೆಸರು ಬಯಲು ಮಾಡುವ ಹೊತ್ತಿಗೆ ‘ಶಶಾಂಕ’ ಎಂದು ಮೂರು ಸಲ ಕೂಗಿದರಂತೆ. ಆಗ ಜತ್ತಪ್ಪ ಬಸ್‌ಸ್ಟ್ಯಾಂಡಿನಲ್ಲಿದ್ದ. ಹೊಸ ಪುಟಗಳು ಅಂಗಿಯೊಳಗೆ ಹೊಟ್ಟೆಗೆ ಅಂಟಿಕೊಂಡಿದ್ದವು. ಮನೆಯಲ್ಲಿ ಪ್ರೇಮಾವತಿ, ಆ ದೊಡ್ಡ ಮನುಷ್ಯರು ಸಿಕ್ಕಿದರಾ ಎಂದು ಕೇಳಿದಳು. ಅವನು ಟಾರ್ಚು ಕೊಟ್ಟ.

ಏಪ್ರಿಲಿನಲ್ಲಿ ಚೀಲ ಬಂತು. ಕಾರ್ಖಾನೆಯ ಗೇಟಿನಲ್ಲೇ ಬಿಚ್ಚಿ ಕೈಯಾಡಿಸಿದ. ಕಾಗದಗಳಿರಲಿಲ್ಲ. ಪತ್ರಿಕೆ ಇತ್ತು, ಅದರಲ್ಲಿ ‘ಚಂದ್ರನ ಹಿಂಬದಿ’ಯೂ ಇತ್ತು. ಅವನು ಪುಟ ಕಳುಹಿಸದ ಕಾರಣ ಯಾರಿಂದಲೋ ಬರೆಸಿ ಮುಂದುವರಿಸಿದ್ದರು, ‘ಶಶಾಂಕ’ ಎಂಬ ಹೆಸರಿನಲ್ಲೇ. ಅವನ ಜನ, ಅವನ ಗುಹೆಗಳು, ಬೇರೆಯವರ ಗೆರೆಯಲ್ಲಿ. ಕೊನೆಯ ಹಾಳೆಯಲ್ಲಿ ಮೊದಲ ಅಭಿಪ್ರಾಯ ಹಸಿರು ಶಾಯಿಯದು: “ಶಶಾಂಕರ ಚಿತ್ರಗಳು ಈ ಸಲ ಯಾವ ದೋಷವೂ ಇಲ್ಲದೆ ಬಂದಿವೆ. ಅಭಿಜಿತ್.”

ನಿಯಮದಂತೆ ಮೂರು ದಿನ ಇಟ್ಟುಕೊಂಡ. ಮೂರನೆಯ ದಿನ, ಮಧ್ಯಾಹ್ನದ ಬಿಡುವಿನಲ್ಲಿ, ಮೂರನೇ ಪುಟದ ಎರಡನೇ ಚಿತ್ರವನ್ನು ಮತ್ತೆ ತೆರೆದ. ಬಲಗಡೆ ಸೂರ್ಯ. ರಾಕೆಟಿನ ನೆರಳೂ ಬಲಗಡೆಗೇ. ಕಂಡಕೂಡಲೇ ಗೊತ್ತಾಗಿತ್ತು, ಆದರೂ ಅಂಗಳಕ್ಕೆ ಹೋಗಿ ಒಂದು ಹೆಂಚು ನಿಲ್ಲಿಸಿ, ಎದುರು ಕುಕ್ಕರಗಾಲಲ್ಲಿ ಕುಳಿತು ನೋಡಿದ. ನೆರಳು ಬಿಸಿಲಿಗೆ ಬೆನ್ನು ಹಾಕಿ ಮಲಗಿತ್ತು.

ಕೊನೆಯ ಹಾಳೆಯಲ್ಲಿ, ಎಲ್ಲರ ಕೆಳಗೆ, ಅವನು ಬರೆದ: “ಮೂರನೇ ಪುಟದ ಎರಡನೇ ಚಿತ್ರದಲ್ಲಿ ರಾಕೆಟಿನ ನೆರಳು ಸೂರ್ಯನ ಕಡೆಗೇ ಬಿದ್ದಿದೆ. ಈ ಚಿತ್ರಗಳು ನನ್ನವಲ್ಲ. ಜತ್ತಪ್ಪ, ಹೆಂಚಿನ ಕಾರ್ಖಾನೆ, ಬಂಟ್ವಾಳ.”

ಒಂದೇ ಸಲ ಓದಿ ಚೀಲದ ಬಾಯಿ ಕಟ್ಟಿದ. ಬಸ್ಸು ಬಂದಾಗ ಕಂಡಕ್ಟರನ ಕೈಗೆ ಕೊಟ್ಟು, ಇನ್ನು ಮುಂದೆ ಇದನ್ನು ಇಲ್ಲಿ ಇಳಿಸುವುದು ಬೇಡ ಎಂದು ಹೇಳಿದ. ಬಸ್ಸು ಹೊರಟಿತು. ಅವನ ಕಾಲು ಅಭ್ಯಾಸದಂತೆ ಎರಡು ಹೆಜ್ಜೆ ಮುಂದೆ ಹೋಗಿ, ನಿಂತಿತು.