ಮೊದಲು ಇಳಿಯುವವನು

ಮುತ್ತರಾಯಪ್ಪ ಯಾರ ಮನೆಗೆ ಹೋದರೂ ಕೂರುವುದಕ್ಕೆ ಮೊದಲು ನೆಲವನ್ನು ಬಡಿದು ನೋಡುತ್ತಿದ್ದ. ಕೈಯಲ್ಲಿದ್ದ ಗಿಡ್ಡ ಹಾರೆಯ ಬುಡದಿಂದ ಎರಡು ಸಲ ಕುಟ್ಟಿ, ಎಡಗಿವಿಯನ್ನು ವಾಲಿಸಿ, ಒಳಗಿನ ಸದ್ದು ಪೂರ್ತಿ ಅಡಗುವವರೆಗೆ ಕಾದು, ಆಮೇಲೆ 'ಹೂಂ' ಎಂದು ಕುಕ್ಕರಿಸುತ್ತಿದ್ದ. ಹೊಸೂರಿನ ನಮ್ಮ ಮನೆಯ ಕೆಂಪು ಗಾರೆಯ ನೆಲಕ್ಕೂ ಈ ಪರೀಕ್ಷೆ ತಪ್ಪಲಿಲ್ಲ. "ಎರಡು ತಲೆಮಾರು ಓಡಾಡಿದ ನೆಲ, ಇವನ ಅಪ್ಪಣೆಗೆ ಕಾಯ್ತಿತ್ತು ನೋಡಿ" ಎಂದು ನನ್ನ ಹೆಂಡತಿ ರಾಧಮ್ಮ ಅಡುಗೆಮನೆಯಿಂದಲೇ ಗೊಣಗಿದ್ದಳು. ಅವನಿಗೆ ಅದು ಕೇಳಿಸಿತ್ತು, ಆದರೆ ಬಂಡೆಯ ಮಾತಿಗೆ ಕೊಡುತ್ತಿದ್ದ ಲಕ್ಷ್ಯವನ್ನು ಆತ ಮನುಷ್ಯರ ಮಾತಿಗೆ ಕೊಡುತ್ತಿರಲಿಲ್ಲ.

ಅವನು ಬಾವಿ ತೋಡುವ ಮೇಸ್ತ್ರಿ. ಸಾನಮಾವಿನ ಕಾಡಂಚಿನಿಂದ ಜವಳಗಿರಿಯವರೆಗೆ ಅವನ ಹಾರೆ ಮುಟ್ಟದ ಬಂಡೆ ಕಡಿಮೆ. ಬಯಲಲ್ಲಿ ನಡೆಯುವಾಗಲೂ ಮೊದಲು ಹೆಬ್ಬೆರಳನ್ನೂರಿ, ಅದು ನಿಂತಿತೆಂದು ಖಚಿತವಾದ ಮೇಲೆ ಹಿಮ್ಮಡಿಯನ್ನು ಇಳಿಸುವ ನಡಿಗೆ. ಸಪಾಟು ರಸ್ತೆಯಲ್ಲೂ ಬಾವಿಯ ಮೆಟ್ಟಿಲೇ ಇಳಿಯುತ್ತಿದ್ದಾನೆನಿಸುತ್ತಿತ್ತು. ಯಾವನೋ ಓವರ್‌ಸೀಯರು ಕೊಟ್ಟ ಖಾಕಿ ಕೋಟೊಂದನ್ನು ವೈಶಾಖದ ಧಗೆಯಲ್ಲೂ ಬಿಚ್ಚುತ್ತಿರಲಿಲ್ಲ. ಅವರ ಕಸುಬಿನಲ್ಲಿ ಒಂದು ಕಟ್ಟಳೆಯಿತ್ತು: ಬಂಡೆಗೆ ಮದ್ದಿನ ತೋಟೆ ಇಟ್ಟು ಸಿಡಿಸಿದ ಮೇಲೆ ಬಾವಿಗೆ ಮೊದಲು ಇಳಿಯುವವನು ಮೇಸ್ತ್ರಿ, ಸಂಜೆ ಕೊನೆಗೆ ಹತ್ತುವವನೂ ಮೇಸ್ತ್ರಿ. ಅವನು 'ಹತ್ತಿ' ಎನ್ನುವ ತನಕ ಆಳುಗಳು ಹಗ್ಗ ಮುಟ್ಟುವಂತಿಲ್ಲ. ಅಪ್ಪಣೆ ಕೊಡುವವನ ಪ್ರಾಣವೂ ಅದೇ ಗುಂಡಿಯಲ್ಲಿರುತ್ತಿದ್ದುದರಿಂದ ಆ ಅಪ್ಪಣೆಯನ್ನು ಯಾರೂ ಮೀರುತ್ತಿರಲಿಲ್ಲ.

ಅವನ ತಮ್ಮ ಸೊಣ್ಣಪ್ಪ ನನ್ನ ಬಳಿ ನಾಲ್ಕನೆಯ ಕ್ಲಾಸಿನವರೆಗೆ ಓದಿದವನು. ಎಪ್ಪತ್ತೇಳರಲ್ಲಿ ಏಜೆಂಟನೊಬ್ಬ ಬಂದು, ಬಂಡೆ ಒಡೆಯಬಲ್ಲ ಒಂಬತ್ತು ಜನರನ್ನು ಉತ್ತರದ ಯಾವುದೋ ಕಲ್ಲಿದ್ದಲ ಗಣಿಗೆ ಕರೆದೊಯ್ದಾಗ ಅವನೂ ಹೋದ. ಹೆಂಡತಿ ಹನುಮಕ್ಕನನ್ನು ಊರಲ್ಲೇ ಬಿಟ್ಟಿದ್ದ. ಏಳು ತಿಂಗಳಾದ ಮೇಲೆ ಅಣ್ಣನ ಹೆಸರಿಗೆ ಕಾಗದ ಬಂತು. ಅದನ್ನು ನನ್ನ ಜಗುಲಿಯಲ್ಲಿ ಓದಿದವನು ನಾನು. "ಅಣ್ಣಯ್ಯ, ಇಲ್ಲಿ ಎದುರುಗೋಡೆ ಬೆವರುತ್ತಾ ಐತೆ. ಬಡಿದರೆ ಟೊಳ್ಳು ಸದ್ದು. ಆಚೆಗೆ ಹಳೇ ಗಣಿ ಐತಂತೆ, ಅದರ ತುಂಬ ನೀರಂತೆ. ನನಗೆ ದಿಗಿಲು. ಬಂದುಬಿಡಲಾ?" ನಾನು ತಿದ್ದಿಸಿದ ದುಂಡಕ್ಷರವೇ, ಕೊನೆಯ ಸಾಲಿನಲ್ಲಿ ಮಾತ್ರ ಸೊಟ್ಟಗಾಗಿತ್ತು.

ಮುತ್ತರಾಯಪ್ಪ ಉತ್ತರ ಹೇಳಿದ. "ಬರ್ಕೊಳಿ ಮೇಷ್ಟ್ರೇ. ಮೇಸ್ತ್ರಿ ಕೆಳಗಿರೋಗಂಟ ನಿಂಗ್ಯಾಕ್ಲಾ ದಿಗಿಲು? ಗೋಡೆ ಬೆವರಿದ್ರೆ ನಿನಗಿಂತ ಮೊದ್ಲು ಅವ್ನೇ ಹೇಳ್ತಾನೆ. ಅವ್ನು ಹತ್ತು ಅನ್ನೋಗಂಟ ಹಗ್ಗ ಮುಟ್ಬ್ಯಾಡ. ಮನೆತನದ ಮರ್ಯಾದೆ ಕಳೀಬ್ಯಾಡ." ಹೇಳಿದ್ದನ್ನು ಹೇಳಿದ ಹಾಗೆ ಬರೆದು ವಿಳಾಸ ಸೇರಿಸಿ ಅಂಚೆಗೆ ಹಾಕಿದೆ. ನಾನು ಪತ್ರಿಕೆ ಓದುವವನು. ಅಷ್ಟು ದೊಡ್ಡ ಗಣಿಯಲ್ಲಿ ಅಪ್ಪಣೆ ಕೊಡುವವರು ಎಲ್ಲಿ ಕೂತಿರುತ್ತಾರೆಂದು ನನಗೆ ಅಂದಾಜಿತ್ತು. ಬಾಯಿ ಬಿಡಲಿಲ್ಲ.

ಹದಿನೇಳು ದಿನದ ಮೇಲೆ ರೇಡಿಯೋದಲ್ಲಿ ಸುದ್ದಿ ಬಂತು. ಗೋಡೆ ಒಡೆದು, ಹಳೆಯ ಗಣಿಯ ನೀರು ನುಗ್ಗಿ, ಕೆಳಗಿದ್ದ ನೂರಕ್ಕೂ ಮಿಕ್ಕಿ ಜನ ಮುಳುಗಿದ್ದರು. ಹೆಸರುಗಳ ಪಟ್ಟಿ ಬರಲು ಹನ್ನೊಂದು ದಿನ ಹಿಡಿಯಿತು. ಆ ಹನ್ನೊಂದು ದಿನವೂ ಹನುಮಕ್ಕ ಬೆಳಗಾದರೆ ಅಂಚೆಕಚೇರಿಯ ಮೆಟ್ಟಿಲಲ್ಲಿ ಕೂತಿರುತ್ತಿದ್ದಳು. ಮುತ್ತರಾಯಪ್ಪ ಎದುರಿನ ಹುಣಿಸೆಮರದಡಿ ನಿಂತಿರುತ್ತಿದ್ದ. ಅವಳ ಹತ್ತಿರ ಹೋಗಲು ಅವನಿಗೆ ಧೈರ್ಯವಿರಲಿಲ್ಲ. ಪಟ್ಟಿಯಲ್ಲಿ ನಮ್ಮ ಕಡೆಯ ಒಂಬತ್ತು ಹೆಸರೂ ಇದ್ದವು. ಶವ ಒಂದೂ ಬರಲಿಲ್ಲ.

ಹೊಸೂರು ಹೊತ್ತಿಕೊಂಡಿತು. ಅಂಗಡಿಗಳು ಮುಚ್ಚಿದವು, ಬಸ್‌ಸ್ಟ್ಯಾಂಡಿನಲ್ಲಿ ಮೂರು ಭಾಷೆಯ ಘೋಷಣೆಗಳು ಒಂದೇ ಗಂಟಲಿನಿಂದ ಹೊರಟವು. ನೀರೆತ್ತುವ ಪಂಪು ತಡವಾದದ್ದೇಕೆ, ಪಟ್ಟಿ ತಡವಾದದ್ದೇಕೆ, ಹಳೆಯ ಗಣಿಯ ನಕ್ಷೆ ಯಾರ ಬೀರುವಿನಲ್ಲಿತ್ತು, ಎಂದು ಟೀ ಅಂಗಡಿಗಳಲ್ಲಿ ಗಂಟೆಗಟ್ಟಲೆ ವಿಚಾರಣೆ ನಡೆಯಿತು. ಮುತ್ತರಾಯಪ್ಪ ಮಾತ್ರ ಒಂದೇ ಪ್ರಶ್ನೆ ಹಿಡಿದ: "ಆವತ್ತು ಮೇಸ್ತ್ರಿ ಎಲ್ಲಿದ್ದ?" ಅಂಚೆಯವನನ್ನು ಕೇಳಿದ, ಘೋಷಣೆ ಕೂಗುವವರನ್ನು ತಡೆದು ಕೇಳಿದ, ತಾಲ್ಲೂಕು ಕಚೇರಿಯ ಗುಮಾಸ್ತನನ್ನು ದಿನಾ ಕೇಳಿದ. "ಅದು ಎಂಗ ವೇಲೆ ಇಲ್ಲೆಪ್ಪಾ" ಎಂದು ಆತ ತಮಿಳಿನಲ್ಲಿ, ಅದು ತಮ್ಮ ಕೆಲಸವಲ್ಲವೆಂದು ಕೈ ತೊಳೆದುಕೊಂಡರೆ, ಮರುದಿನ ಮತ್ತೆ ಹಾಜರು. ಎರಡು ತಿಂಗಳಲ್ಲಿ ಊರಿನ ಕೋಪ ಆರಿ ಜನ ತಂತಮ್ಮ ಕೆಲಸಕ್ಕೆ ಹೊರಟಾಗ, ಈ ಪ್ರಶ್ನೆ ಕೇಳಿ ಕೇಳಿ ಬೇಸತ್ತವರು ಅವನಿಗೆ ತಲೆ ಕೆಟ್ಟಿದೆ ಎಂದರು. ಅವನು ಹಾಗೆ ಕೇಳುವುದು ಕೋಪಕ್ಕಷ್ಟೇ ಅಲ್ಲವೆಂದು ಬಲ್ಲವನು ನಾನೊಬ್ಬನೇ. ಮೇಸ್ತ್ರಿ ಕೆಳಗೇ ಇದ್ದು ಸತ್ತಿದ್ದರೆ ತಾನು ಬರೆಸಿದ ಮಾತು ಸರಿ. ಮೇಲಿದ್ದರೆ ತಮ್ಮನನ್ನು ಕೂರಿಸಿ ಕೊಂದವನು ತಾನು.

ಚೈತ್ರದಲ್ಲಿ ವಿಚಾರಣಾಧಿಕಾರಿಯೊಬ್ಬರು ಸತ್ತವರ ಮನೆಯವರ ಹೇಳಿಕೆ ಪಡೆಯಲು ಕೃಷ್ಣಗಿರಿಗೆ ಬಂದರು. ಬಸ್ಸಿನಲ್ಲಿ ಮುತ್ತರಾಯಪ್ಪ ಕೋಟಿನ ಒಳಜೇಬನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ. ಸೊಣ್ಣಪ್ಪನ ಕಾಗದ ಅಲ್ಲಿತ್ತು. ಮುಂದಿನ ಸೀಟಿನಲ್ಲಿ ಹನುಮಕ್ಕ.

"ಮೇಷ್ಟ್ರೇ, ಈ ಕಾಗ್ದ ತೆಗುದ್ರೆ ನಾ ಬರೆಸ್ದ ಕಾಗ್ದದ ಮಾತೂ ಬತ್ತೈತೆ" ಎಂದು ಪಿಸುಗುಟ್ಟಿದ. "ಅವ್ಳಿಗೆ ಗೊತ್ತಿಲ್ಲ."

"ಕೇಳಿದರೆ ತಾನೇ? ಕೇಳದಿದ್ದರೆ ಸುಮ್ಮನಿರು" ಎಂದೆ. ಅದು ಅವನಿಗೆ ಹೇಳಿದ ಬುದ್ಧಿಯೋ ನನಗೆ ನಾನೇ ಹೇಳಿಕೊಂಡದ್ದೋ ತಿಳಿಯದು. ಅವನು 'ಹೂಂ' ಎನ್ನಲಿಲ್ಲ.

ವಿಚಾರಣೆಯ ಸಭಾಂಗಣದ ನೆಲವನ್ನೂ ಬಡಿದು ನೋಡಿಯೇ ಒಳಗೆ ಬಂದ, ಜವಾನ ನಕ್ಕ. ಕಂಪನಿಯ ಪರವಾಗಿ ಬಂದಿದ್ದ ಟೈ ಕಟ್ಟಿದ ವಕೀಲ, ನೀರು ಒಸರುತ್ತಿದೆಯೆಂದು ಕಾರ್ಮಿಕರ್ಯಾರೂ ಎಂದೂ ಹೇಳಿರಲಿಲ್ಲ ಎಂದಾಗ ಮುತ್ತರಾಯಪ್ಪ ಎದ್ದು ಕಾಗದ ತೆಗೆದ. ನಾನು ಓದಿ ತಮಿಳಿನಲ್ಲಿ ಹೇಳಿದೆ. ಹನುಮಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ವಕೀಲ ಕೊಂಚವೂ ಅಲುಗಾಡದೆ ಕೇಳಿದ: "ಅಷ್ಟು ಹೆದರಿದವನು ಅಲ್ಲೇ ಯಾಕೆ ಉಳಿದ? ಹೊರಟುಬರಬಹುದಿತ್ತಲ್ಲ?"

ಆ ಪ್ರಶ್ನೆಯನ್ನು ನಾನೇ ಕನ್ನಡಕ್ಕೆ ತಂದೆ. 'ಗೊತ್ತಿಲ್ಲ ಸೋಮಿ' ಎಂದು ಅವನು ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು.

"ನಾನೇ ಇರು ಅಂದೆ" ಎಂದ ಮುತ್ತರಾಯಪ್ಪ. "ಮೇಸ್ತ್ರಿ ಹತ್ತು ಅನ್ನೋಗಂಟ ಹತ್ಬ್ಯಾಡ ಅಂತ ಬರೆಸ್ದೆ. ನಮ್ಮಾಗೆ ಮೇಸ್ತ್ರಿ ಮೊದ್ಲು ಇಳೀತಾನೆ, ಕೊನೇಗೆ ಹತ್ತುತಾನೆ. ಅಲ್ಲೂ ಅಂಗೇ ಅಂದ್ಕೊಂಡ್ಬುಟ್ಟೆ. ನನ್ ತಪ್ಪು ಬರ್ಕೊಳ್ಳಿ ಸೋಮಿ. ಬರ್ಕೊಂಡಾದ್ಮ್ಯಾಲೆ ಹೇಳ್ಸಿ, ಆವತ್ತು ಮೇಸ್ತ್ರಿ ಎಲ್ಲಿದ್ದ?"

ವಕೀಲ ಕಾಗದಗಳನ್ನು ತಿರುವಿಹಾಕಿದ. ಅಧಿಕಾರಿ ಪೆನ್ನು ಕೆಳಗಿಟ್ಟು ಕಾದರು. ಕೊನೆಗೆ ಉತ್ತರ ಬಂತು, ಅದನ್ನು ಕನ್ನಡದಲ್ಲಿ ಹೇಳುವ ಕರ್ಮವೂ ನನ್ನದಾಯಿತು: "ಮೇಲೆ. ಆಫೀಸಿನಲ್ಲಿ." ಸಭೆ ಎದ್ದು ನಿಂತಿತು, ಕುರ್ಚಿಗಳು ಉರುಳಿದವು, ಬೈಗುಳ ಮೂರು ಭಾಷೆಯಲ್ಲೂ ಹರಿಯಿತು. ಮುತ್ತರಾಯಪ್ಪ ಮಾತ್ರ ಕಿವಿ ವಾಲಿಸಿಕೊಂಡೇ ನಿಂತಿದ್ದ. ಹನುಮಕ್ಕ ಅವನ ಕಡೆ ನೋಡದೆ ಹೊರನಡೆದು ಬೇರೆ ಬಸ್ಸು ಹಿಡಿದಳು.

ವರದಿ ಬಂತೆಂದು ಮುಂದೆ ಕೇಳಿದೆ, ಓದಿದವರನ್ನು ಕಾಣಲಿಲ್ಲ. ಹನುಮಕ್ಕ ನಾಲ್ಕು ವರ್ಷ ಅವನೊಡನೆ ಮಾತಾಡಲಿಲ್ಲ. ಅವನು ಕ್ಷಮೆ ಕೇಳಲಿಲ್ಲ. ಆ ಮಾತು ತನ್ನ ಬಾಯಲ್ಲಿ ಅಗ್ಗವಾಗುತ್ತದೆಂದು ಅವನಿಗೆ ತಿಳಿದಿತ್ತೆಂದು ಕಾಣುತ್ತದೆ. ಎಂಬತ್ತೆರಡರಲ್ಲಿ ಅವಳೇ ಅವನ ಬಾಗಿಲಿಗೆ ಬಂದು, "ನಮ್ ಹೊಲದಾಗೆ ಬಾವಿ ತೋಡ್ಬೇಕು. ಬತ್ತೀಯಾ ಭಾವ?" ಎಂದಳಂತೆ.

ಆ ಬಾವಿಯ ಕೆಲಸ ನೋಡಲು ಒಂದು ದಿನ ನಾನೂ ಹೋಗಿದ್ದೆ. ತೋಟೆ ಸಿಡಿದು ಹೊಗೆ ಆರಿತ್ತು. ಐವತ್ತು ದಾಟಿದ ಮುತ್ತರಾಯಪ್ಪ ಕೋಟಿನ ಸಮೇತ ಇಳಿದ. ಮೇಲೆ ಹಗ್ಗ ಹಿಡಿದ ನಾಲ್ವರಲ್ಲಿ ಮೊದಲ ಕೈ ಹನುಮಕ್ಕನದು. ಕೆಳಗೆ ಹಾರೆ ಬಂಡೆಗೆ ಬಡಿಯುವ ಸದ್ದು ಕೇಳುತ್ತಲೇ ಅವಳು ಬಾಗಿ ಕೂಗಿದಳು: "ಭಾವಾ, ಬೆವರಿದ್ರೆ ಯಾರ್ನೂ ಕೇಳ್ಬ್ಯಾಡ. ಹತ್ತಿ ಬಂದ್ಬುಡು!"

ಸದ್ದು ನಿಂತಿತು. ಹಗ್ಗ ಹಿಡಿದವರೆಲ್ಲ ಗಾಬರಿಯಿಂದ ಇಣುಕಿದರು. ಆಮೇಲೆ ತಳದಿಂದ ಒಂದು 'ಹೂಂ' ಬಂತು.

ಅನಾಹುತ ನಡೆದ ಮೇಲೆ ಪ್ರಶ್ನೆ ಕೇಳುವವರಿಗೆ ಯಾವ ಊರಲ್ಲೂ ಬರವಿಲ್ಲ. ಎತ್ತರದಲ್ಲಿ ಕೂತವರು ಆ ಪ್ರಶ್ನೆಗಳಿಗೆ ಹೆದರುವುದೂ ಇಲ್ಲ, ನಾಲ್ಕು ದಿನ ಕಿವಿಗೆ ಹತ್ತಿ ಇಟ್ಟುಕೊಂಡರೆ ಸಾಕೆಂದು ಅವರಿಗೆ ಗೊತ್ತು. ಆದರೆ ತನ್ನ ಪಾಲಿನ ತಪ್ಪನ್ನು ಮೊದಲು ಬರೆಸಿ ಆಮೇಲೆ ಕೇಳುವವರು ಅಲ್ಲೊಬ್ಬರು ಇಲ್ಲೊಬ್ಬರು ಇರುತ್ತಾರೆ. ಅವರೆದುರು ಯಾವ ವಕೀಲನಿಗೂ ಕಾಗದ ತಿರುವಿಹಾಕುವುದರ ಹೊರತು ದಾರಿಯಿಲ್ಲ. ನಾನು ಆ ಪೈಕಿಯವನಲ್ಲ. ಆ ಉತ್ತರವನ್ನು ಬರೆದ ಕೈ ನನ್ನದೆಂದು, ತಿಳಿದೂ ಸುಮ್ಮನಿದ್ದವನು ನಾನೆಂದು ಅಂದು ಆ ಸಭೆಯಲ್ಲಿ ಹೇಳಲಿಲ್ಲ. ಈಗ ಹೇಳಿದ್ದೇನೆ.