ಕೆಲಸ ಬಿಡಲು ಕಾರಣ

ಹದಿನೆಂಟು ವರ್ಷ ಅವಳನ್ನು ಇಡೀ ಆಫೀಸು ಎಚ್‌ಆರ್ ಅಕ್ಕ ಎಂದೇ ಕರೆಯುತ್ತಿತ್ತು. ಕೆಲಸ ಬಿಟ್ಟು ಮೂರು ವರ್ಷವಾದರೂ ಆ ಹೆಸರು ಅವಳನ್ನು ಬಿಟ್ಟಿರಲಿಲ್ಲ. ಯಾರನ್ನಾದರೂ ಗದ್ದಲವಿಲ್ಲದೆ ಮನೆಗೆ ಕಳಿಸಬೇಕಾದರೆ ಸಾಹೇಬರುಗಳಿಗೆ ಇವಳೇ ಬೇಕಾಗಿತ್ತು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆಯುತ್ತಿದ್ದಳು. ರಾಜೀನಾಮೆ ಫಾರಂನಲ್ಲಿ ‘ಕೆಲಸ ಬಿಡಲು ಕಾರಣ’ ಎಂಬ ಸಾಲು ಬಂದಾಗ ಹೆಂಗಸರ ಪೆನ್ನು ನಿಂತುಬಿಡುತ್ತಿತ್ತು. ಇವಳು ಟಿಶ್ಯೂ ಡಬ್ಬಿಯನ್ನು ಮುಂದೆ ಸರಿಸಿ, “ವೈಯಕ್ತಿಕ ಕಾರಣ ಅಂತ ಬರಿಯಮ್ಮ, ನಿನಗೇ ಒಳ್ಳೇದು” ಎನ್ನುತ್ತಿದ್ದಳು. ಅವರು ಬರೆಯುತ್ತಿದ್ದರು. ನಿಜವಾದ ಕಾರಣವನ್ನು ಅಳುತ್ತ ಬಾಯಲ್ಲಿ ಹೇಳಿ ಎದ್ದು ಹೋಗುತ್ತಿದ್ದರು. ಅದನ್ನು ಇವಳು ಮನೆಗೆ ಬಂದು ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದಳು.

ಈಗ ಆ ನೋಟುಬುಕ್ಕೇ ಅವಳ ಕಲೆ. ಗುಜರಿಯಿಂದ ಮೂವತ್ತೊಂದು ಆಫೀಸು ಕುರ್ಚಿ ತಂದು, ಬೆನ್ನಿಗೆ ಬಿಳಿ ಬಟ್ಟೆ ಬಿಗಿದು, ಒಂದೊಂದರ ಮೇಲೆ ಒಬ್ಬೊಬ್ಬಳ ನಿಜವಾದ ಕಾರಣವನ್ನು ಕೆಂಪು ದಾರದಲ್ಲಿ ಹೊಲಿದಿದ್ದಳು. ‘ನಾನು ಕೆಲಸ ಕಲಿಸಿದವನೇ ನನಗೆ ಮ್ಯಾನೇಜರ್ ಆದ.’ ‘ಮಗುವಿಗೆ ಹಾಲು ಹಿಂಡಿಡಲು ಶೌಚಾಲಯ ಬಿಟ್ಟರೆ ಜಾಗವಿರಲಿಲ್ಲ.’ ಅವಳಿಗೆ ಬರುತ್ತಿದ್ದದ್ದು ಅಮ್ಮ ಕಲಿಸಿದ ಸರಪಳಿ ಹೊಲಿಗೆ ಒಂದೇ. “ಕೊನೇ ಗಂಟು ಭದ್ರವಾಗಿ ಹಾಕೇ. ಅದು ಬಿಚ್ಚಿದ್ರೆ ಎಲ್ಲಾ ಬಿಚ್ಕೊಂಡು ಬರುತ್ತೆ” ಎಂದು ಅಮ್ಮ ಹೇಳಿಹೇಳಿ ಸುಸ್ತಾಗಿದ್ದಳು. ಅಷ್ಟು ದೊಡ್ಡ ಸಂಬಳ ಬಿಟ್ಟು ಮುರುಕು ಕುರ್ಚಿ ಹೊಲಿಯುವ ಮಗಳ ಬಗ್ಗೆ ಹೇಳುವುದು ಇನ್ನೂ ಬೇಕಾದಷ್ಟಿತ್ತು, ನುಂಗಿಕೊಂಡಿದ್ದಳು.

ಗ್ಯಾಲರಿಯಲ್ಲಿ ಪ್ರದರ್ಶನ ಸಂಜೆ ಐದಕ್ಕೆ. ನಾಲ್ಕಕ್ಕೇ ಪಟಾಕಿ ಬಂದಳು. ಆಫೀಸಿನಲ್ಲಿ ಅವಳಿಗೆ ಆ ಹೆಸರು ಸುಮ್ಮನೆ ಬಂದಿರಲಿಲ್ಲ. ಎದುರಿಗೆ ಯಾರೇ ಇರಲಿ, ಪಟಪಟನೆ ಹೇಳಿಬಿಡುವ ಹುಡುಗಿ. ಅವಳು ಕೆಲಸ ಬಿಟ್ಟು ಆರು ವರ್ಷವಾಗಿತ್ತು, ತಲೆಯಲ್ಲಿ ಬಿಳಿಕೂದಲು ಬಂದಿತ್ತು. ಎಚ್‌ಆರ್ ಅಕ್ಕನೇ ಮೆಸೇಜು ಮಾಡಿ ಕರೆಸಿಕೊಂಡಿದ್ದಳು. ಪಟಾಕಿ ಒಂದು ಸಲ ಭೇಷ್ ಅಂದುಬಿಟ್ಟರೆ ಸಾಕು, ಹದಿನೆಂಟು ವರ್ಷದ ಪಾಪ ತೊಳೆದುಹೋಗುತ್ತದೆ ಎಂಬ ಆಸೆ ಅವಳಿಗೆ.

ಪಟಾಕಿ ಕೊನೆಯ ಕುರ್ಚಿಯ ಮುಂದೆ ನಿಂತಳು. ‘ಅವನ ಕೈ ನನ್ನ ಸೊಂಟದ ಮೇಲೆ ಬಂತು. ಮೀಟಿಂಗ್ ಮುಗಿಯುವವರೆಗೂ ಇತ್ತು.’

“ಯಾರನ್ನ ಕೇಳಿ ಹೊಲಿದ್ರಿ ಅಕ್ಕ?”

“ಹೆಸರು ಹಾಕಿಲ್ಲ ಕಣೇ. ಯಾರಿಗೂ ಗೊತ್ತಾಗಲ್ಲ.”

“ನನಗೆ ಗೊತ್ತಾಗುತ್ತಲ್ಲ.” ಅವಳ ದನಿ ಏರಲಿಲ್ಲ. “ಅಲ್ಲದೆ ಇದು ಕಾರಣಾನೇ ಅಲ್ಲ. ಅವನು ಮುಟ್ಟಿದ ಅಂತ ನಾನು ಕೆಲಸ ಬಿಡಲಿಲ್ಲ. ಕಂಪ್ಲೇಂಟ್ ಬರ್ಕೊಂಡು ನಿಮ್ಮ ರೂಮಿಗೆ ಬಂದೆ. ಅಕ್ಕ ಇದ್ದಾರೆ ಅನ್ನೋ ಧೈರ್ಯ. ನೀವು ಅದನ್ನ ಡ್ರಾಯರ್‌ಗೆ ಹಾಕಿ, ಇನ್ನೊಂದು ಡ್ರಾಯರ್‌ನಿಂದ ಫಾರಂ ತೆಗೆದ್ರಿ. ನಾನು ಬಿಟ್ಟಿದ್ದು ಅದಕ್ಕೆ.”

ಎಚ್‌ಆರ್ ಅಕ್ಕ ಮನಸ್ಸಿನಲ್ಲೇ ನೋಟುಬುಕ್ಕನ್ನು ತಿರುವಿಹಾಕಿದಳು. ಅದರಲ್ಲಿ ಎಲ್ಲರ ಅಳುವೂ ಇತ್ತು. ತಾನು ಆಡಿದ ಮಾತು ಮಾತ್ರ ಒಂದು ಪುಟದಲ್ಲೂ ಇರಲಿಲ್ಲ.

ಪಟಾಕಿ ಬಗ್ಗಿ, ಕೊನೆಯ ಗಂಟನ್ನು ಉಗುರಿನಿಂದ ಕಿತ್ತು ದಾರ ಎಳೆದಳು. ಅಕ್ಷರಗಳು ಕೊನೆಯಿಂದ ಒಂದೊಂದಾಗಿ ಸರಸರನೆ ಬಿಚ್ಚಿಕೊಂಡು ಬಂದವು. ಬಟ್ಟೆಯ ಮೇಲೆ ಸೂಜಿಯ ತೂತುಗಳು ಉಳಿದವು.

“ಈಗ ನಿಜ ಹೊಲೀರಿ. ‘ಎಚ್‌ಆರ್ ಅಕ್ಕ’ ಅಂತ. ಎರಡೇ ಪದ. ನಾನು ಇಲ್ಲೇ ಕೂತಿರ್ತೀನಿ.”

ಎಚ್‌ಆರ್ ಅಕ್ಕ ಸೂಜಿಗೆ ದಾರ ಪೋಣಿಸಿದಳು. ಆ ಎರಡು ಪದವನ್ನು ಮಿಕ್ಕ ಮೂವತ್ತು ಕುರ್ಚಿಗೂ ಹೊಲಿಯಬಹುದು ಎಂದು ಆಗ ಹೊಳೆಯಿತು. ಪತ್ರಿಕೆಯವರು ಬರುತ್ತಾರೆ. ಹಳೆಯ ಸಹೋದ್ಯೋಗಿಗಳು ಬರುತ್ತಾರೆ. ಅಮ್ಮ ಕನ್ನಡಕ ಹಾಕಿಕೊಂಡು ಒಂದೊಂದನ್ನೇ ಗಟ್ಟಿಯಾಗಿ ಓದುತ್ತಾಳೆ. ಸೂಜಿ ಬಟ್ಟೆಗೆ ತಾಗಿತು, ಒಳಗೆ ಹೋಗಲಿಲ್ಲ. ಪಟಾಕಿ ಅಂದು ಫಾರಂ ಮುಂದೆ ಕೂತಿದ್ದ ಹಾಗೆಯೇ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕಾಲು ಗಂಟೆ ಕಾದಳು. ಆಮೇಲೆ ಎದ್ದಳು.

“ಬಿಡಿ ಅಕ್ಕ. ಅಭ್ಯಾಸ ಇಲ್ಲದ ಹೊಲಿಗೆ.”

ಅವಳು ಹೋದಮೇಲೆ ಗ್ಯಾಲರಿಯ ಒಡತಿ ಗಡಿಬಿಡಿಯಲ್ಲಿ ಒಳಗೆ ಬಂದಳು. “ಅಯ್ಯೋ, ಇದೊಂದು ಯಾಕೆ ಖಾಲಿ?”

“ಅವಳು ಬೇಡ ಅಂದಳು. ವೈಯಕ್ತಿಕ ಕಾರಣ.” ಮಾತು ತಾನಾಗಿ ಹೊರಬಿದ್ದಿತ್ತು.

ಒಡತಿಯ ಕಣ್ಣು ಅರಳಿತು. “ಅಬ್ಬಾ! ಇದೇ ಇರಲಿ.” ಅವಳೇ ಒಂದು ಚೀಟಿಯಲ್ಲಿ ‘ವೈಯಕ್ತಿಕ ಕಾರಣ’ ಎಂದು ಬರೆದು ಖಾಲಿ ಬಟ್ಟೆಗೆ ಪಿನ್ನು ಚುಚ್ಚಿದಳು. ಎಚ್‌ಆರ್ ಅಕ್ಕ ಬೇಡ ಎನ್ನಲಿಲ್ಲ.

ಆ ಸಂಜೆ ಜನ ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತದ್ದು ಆ ಕುರ್ಚಿಯ ಮುಂದೆ. ಪತ್ರಿಕೆಯವರು ಅದರದ್ದೇ ಫೋಟೊ ತೆಗೆದರು. ಯಾರೋ ಒಬ್ಬಳು ಎಳೆಯ ಹುಡುಗಿ, ಕೊರಳಲ್ಲಿ ಇನ್ನೂ ಆಫೀಸಿನ ಗುರುತಿನ ಚೀಟಿ, ಕುರ್ಚಿಯ ಮೇಲಿನ ಚೀಟಿಯನ್ನು ಓದಿ ಬಿಕ್ಕತೊಡಗಿದಳು. “ಮೇಡಂ, ನನಗೂ ನಾಳೆ ಇದನ್ನೇ ಬರೀಬೇಕು ಅಂತ ಹೇಳಿದಾರೆ. ಏನು ಮಾಡ್ಲಿ?” ಎಂದು ಎಚ್‌ಆರ್ ಅಕ್ಕನ ಕೈ ಹಿಡಿದುಕೊಂಡಳು.

ಎಚ್‌ಆರ್ ಅಕ್ಕ ಮೇಜಿನ ಮೇಲಿದ್ದ ಟಿಶ್ಯೂ ಡಬ್ಬಿಯನ್ನು ಅವಳ ಮುಂದೆ ಸರಿಸಿದಳು.