ಕಾದೆಕ್ ಆಗಿ ಬಂದವರು ಯಾರು

ನಾನು ಈ ಮನೆಯ ಸೊಸೆ. ನಗಬೇಡಿ, ಮೀಸೆ ಬಂದ ಗಂಡಸೇ; ಹೆಸರು ಕೆತುತ್ ಲಂದ್ರ. ನಮ್ಮ ತಬಾನಾನ್ ಸೀಮೆಯಲ್ಲಿ ಗಂಡುಮಕ್ಕಳಿಲ್ಲದವರು ಮಗಳನ್ನೇ ಮಗನೆಂದು ಊರ ಮುಂದೆ ಸಾರಿ, ಅವಳಿಗೊಬ್ಬ ಗಂಡನನ್ನು ಮನೆಗೆ ತಂದುಕೊಳ್ಳುತ್ತಾರೆ. ಅಲ್ಲಿಗೆ ಅವಳು ಗಂಡಾದಳು, ಬಂದವನು ಹೆಣ್ಣಾದ. ನನ್ನ ಹೆಂಡತಿ ರಸ್ಮಿನಿಯ ಮನೆಯವರು ಹಾಗೇ ದಿಬ್ಬಣ ಕಟ್ಟಿಕೊಂಡು ಬಂದು ನನ್ನನ್ನು ಕೇಳಿದರು. ನಮ್ಮ ಅಂಗಳದ ಈಶಾನ್ಯದಲ್ಲಿರುವ ಹಿರಿಯರ ಗುಡಿಯ ಮುಂದೆ ಕೂತು, "ಇವತ್ತಿನಿಂದ ನನ್ನನ್ನು ನಿಮ್ಮವನೆಂದು ಎಣಿಸಬೇಡಿ" ಎಂದು ಕೈಮುಗಿದು ಎದ್ದು ಬಂದೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ನನ್ನಂಥ ಸೊಸೆಗೆ ಯಾವ ಕಾಲವೂ ಬರಲಿಲ್ಲ.

ಅಪ್ಪ ನನ್ನನ್ನು ಸುಮ್ಮನೆ ಬಿಟ್ಟುಕೊಟ್ಟಿರಲಿಲ್ಲ. ಅವನು ಗುಡಿಬಾಗಿಲಿನ ಕಲ್ಲು ಕೆತ್ತುವವನು, ಹಠಮಾರಿ. ಅಣ್ಣ ಮುದಿತನಿಗೆ ಮದುವೆಯಾಗಿ ಎಂಟು ವರ್ಷವಾದರೂ ಮಕ್ಕಳಿರಲಿಲ್ಲ. ನಾನೂ ಹೊರಟರೆ ನಮ್ಮ ಹಿರಿಯರಿಗೆ ಮುಂದೆ ಹೂವಿಡುವವರು ಯಾರು, ಸತ್ತವರು ಮತ್ತೆ ಹುಟ್ಟಿ ಬರುವುದಾದರೂ ಯಾರ ಹೊಟ್ಟೆಗೆ ಎಂದು ಪಟ್ಟು ಹಿಡಿದ. ಆಗ ಮಾವನೇ ಬಂದು, ಎರಡೂ ಕೇರಿಯ ಹಿರಿಯರ ಎದುರು ಮಾತು ಕೊಟ್ಟ.

"ಮೊದಲನೇ ಮಗು ನಮ್ಮ ಮನೆಗೆ. ಎರಡನೇದು ನಿಮ್ಮ ಮನೆಗೆ."

"ಗಂಡಾದ್ರೂ?" ಅಪ್ಪ ಕೇಳಿದ.

"ಗಂಡಾಗ್ಲಿ, ಹೆಣ್ಣಾಗ್ಲಿ. ನಾನು ಆಡಿದ ಮಾತು ನುಂಗೋನಲ್ಲ."

ಆ ಮಾತಿನ ಮೇಲೆ ನಾನು ಸೊಸೆಯಾದೆ. ನಾಲ್ಕನೆಯವನಿಗಿಡುವ ಕೆತುತ್ ಎಂಬ ಹೆಸರು ನನ್ನ ತಲೆಗೇ ಮುಗಿಯಿತು ಅನ್ನಿ. ಆಗಲೇ ಕೇರಿಯ ಸಭಾಮಂಟಪದ ಗೋಡೆಯ ಮೇಲೆ ಎರಡೇ ಮಕ್ಕಳು ಸಾಕು ಎಂದು ಸರಕಾರ ಬರೆಸಿತ್ತು. ನಮಗೂ ಎರಡೇ ಆದವು. ಮೊದಲು ಮಗ. ಅವನಿಗೆ ಎರಡು ತುಂಬುವ ಹೊತ್ತಿಗೆ ನನ್ನಪ್ಪ ಕೆಮ್ಮಿ ಕೆಮ್ಮಿ ಸತ್ತ. ಅವನನ್ನು ಸುಡುವ ದಿನ, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಸಾಲಿನಲ್ಲಿ ಕೂತು ಕೈಮುಗಿದೆ. ಚಟ್ಟಕ್ಕೆ ಮುಂದೆ ಹೆಗಲು ಕೊಟ್ಟವನು ಮುದಿತ. ಹೊಟ್ಟೆ ಉರಿಯಿತು. ನನ್ನ ಎರಡನೆಯ ಮಗು ಅಪ್ಪನ ಅಂಗಳಕ್ಕೆ ಬರುತ್ತದಲ್ಲ ಎಂಬ ಒಂದೇ ಸಮಾಧಾನ.

ಮರುವರ್ಷ ಎರಡನೆಯ ಮಗು ಕಾದೆಕ್ ಹುಟ್ಟಿದಳು. ಮಗುವಿಗೆ ಮೂರು ತಿಂಗಳಾಗಿ ಅದು ಮೊದಲ ಸಲ ನೆಲ ಮುಟ್ಟುವ ಮುಂಚೆ, ಯಾವ ಹಿರಿಯರು ತಿರುಗಿ ಬಂದಿದ್ದಾರೆಂದು ಕೇಳಬೇಕು. ಅದಕ್ಕೆ ಮೈಮೇಲೆ ಬರುವ ಹೆಂಗಸೊಬ್ಬಳು ಪಕ್ಕದ ಊರಲ್ಲಿದ್ದಳು. ಹೊರಡುವ ದಿನ ನಾನು ಸ್ನಾನ ಮಾಡಿ ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡು ನಿಂತಿದ್ದೆ.

ಮಾವ ಬಂದು ನೋಡಿದ. "ನೀನೆಲ್ಲಿಗೋ? ಕಾಲುವೆ ಕಟ್ಟೆ ಒಡ್ದಿದೆ, ಮನೆಗೊಬ್ಬ ಹೋಗ್ಬೇಕು. ಹೆಂಗಸರ ಕೆಲಸ ಹೆಂಗಸರು ನೋಡ್ಕೋತಾರೆ."

"ನಾನೂ ಈ ಮನೆ ಹೆಂಗಸೇ ಅಲ್ವಾ ಮಾವ?"

ಎಲ್ಲರೂ ನಕ್ಕರು. ನಾನೂ ನಕ್ಕು, ಗುದ್ದಲಿ ಹೆಗಲಿಗೇರಿಸಿ ಹೋದೆ. ನನ್ನಂಥ ದಡ್ಡ ಇನ್ನೊಬ್ಬನಿಲ್ಲ.

ಸಂಜೆ ಕೆಸರು ತೊಳೆದುಕೊಂಡು ಬಂದಾಗ ಅತ್ತೆ, ರಸ್ಮಿನಿ, ಅತ್ತೆಯ ತಂಗಿ ಸಂಪ್ರಿ ಮೂವರೂ ಜಗಲಿಯ ಮೇಲೆ ಕೂತಿದ್ದರು. ಅತ್ತೆಯೇ ಹೇಳಿದಳು. ಬಂದದ್ದು ಈ ಮನೆಯ ಮುತ್ತಜ್ಜನಂತೆ. ತಾಳೆಮರದಿಂದ ಹೆಂಡ ಇಳಿಸುತ್ತಿದ್ದ ಮುತ್ತಜ್ಜ, ತನ್ನ ಮನೆಯನ್ನೇ ಹುಡುಕಿಕೊಂಡು ಬಂದಿದ್ದಾನಂತೆ. ಮಾವ ಎರಡೂ ಕೈ ಚೆಲ್ಲಿದ. "ಕೊಟ್ಟ ಮಾತು ನಂಗೂ ನೆನಪಿದೆ ಕಣೋ. ಆದ್ರೆ ಮನೆ ಹಿರಿಯನನ್ನೇ ಮನೆಯಿಂದ ಆಚೆ ಕಳಿಸೋದು ಹ್ಯಾಗೆ?"

ನಾನು ರಸ್ಮಿನಿಯ ಮುಖ ನೋಡಿದೆ. ಅವಳು ಮಗುವಿಗೆ ಹಾಲೂಡುತ್ತಾ ಹೌದೆಂದು ತಲೆಯಾಡಿಸಿದಳು. ಅವಳು ತಲೆಯಾಡಿಸಿದ ಮೇಲೆ ಮುಗಿಯಿತು. ಮಾವನ ಮಾತಾಗಿದ್ದರೆ ಜಗಳವಾಡುತ್ತಿದ್ದೆ; ಅವಳನ್ನು ನಂಬಿದೆ.

ಮುದಿತ ವಿಷಯ ಕೇಳಿ ಬಂದವನು ಅಂಗಳದೊಳಕ್ಕೆ ಕಾಲಿಡಲಿಲ್ಲ. "ಸೊಸೆ ಆಗಿ ಹೋದೆ, ಸೈ ಅಂದೆ. ಈಗ ಕಳ್ಳನೂ ಆದೆಯಾ? ಅಪ್ಪನ ಗುಡಿಗೆ ಬೀಗ ಹಾಕಿಸಿದೆ ನೀನು," ಎಂದು ಬಾಗಿಲಲ್ಲೇ ಉಗಿದು ಹೋದ. ಏಳು ವರ್ಷ ನಮಗೆ ಮಾತಿಲ್ಲ. ಸಂತೆಯಲ್ಲಿ ಎದುರಾದರೆ ಅವನು ಮೀನಿನ ಸಾಲಿಗೆ ತಿರುಗಿಕೊಳ್ಳುತ್ತಿದ್ದ. ಅವನದೇನೂ ತಪ್ಪಿಲ್ಲ ಎಂದು ನನಗೆ ಗೊತ್ತಿತ್ತು, ನನ್ನದೂ ಇಲ್ಲ ಎಂದುಕೊಂಡಿದ್ದೆ.

ಮೊನ್ನೆ ಗಲುಂಗಾನ್ ಹಬ್ಬದ ಹಿಂದಿನ ದಿನ. ಬೆಳಿಗ್ಗೆಯೇ ಹಂದಿ ಕೊಯ್ದು, ನಾನೂ ಮಾವನೂ ಮಾಂಸ ಕೊಚ್ಚಿ ಕಡ್ಡಿಗೆ ಸುತ್ತುತ್ತಿದ್ದೆವು. ಹೆಂಗಸರು ಎಳೆ ತೆಂಗಿನಗರಿ ಹೆಣೆಯುತ್ತಿದ್ದರು. ಕಾದೆಕ್ ಮೂಲೆಯಲ್ಲಿ ಕೂತು ಒಂದು ಬಾಳೆದಿಂಡಿನ ಮೇಲೆ ಚಾಕುವಿನಿಂದ ಕೋರೆಹಲ್ಲಿನ ರಾಕ್ಷಸನ ಮುಖ ಕೆತ್ತಿದ್ದಳು. ನಿಜಕ್ಕೂ ಚೆನ್ನಾಗಿತ್ತು, ಮೂಗಿನ ಹೊಳ್ಳೆ ಉಬ್ಬಿಸಿದ್ದು ನೋಡಿ ನನಗೇ ಆಶ್ಚರ್ಯವಾಯಿತು.

ಸಂಪ್ರಿ ಎಲೆಯಡಿಕೆ ಜಗಿಯುತ್ತಾ ನಕ್ಕಳು. "ನೋಡ್ರೇ ಮುದುಕನ ಕೈಚಳಕ! ಏಳು ವರ್ಷ ಬಚ್ಚಿಟ್ರೂ, ಉಳಿ ಹಿಡಿದ ಕೈ ಸುಮ್ನಿರುತ್ತಾ?"

ಅತ್ತೆ ತಟ್ಟನೆ ತಂಗಿಯ ತೊಡೆ ಚಿವುಟಿದಳು. ರಸ್ಮಿನಿ ಎದ್ದು ಅಡುಗೆಮನೆಗೆ ನಡೆದಳು. ಮಾವ ತಲೆ ಎತ್ತದೆ ಮಾಂಸ ಕೊಚ್ಚುತ್ತಲೇ ಇದ್ದ. ಈ ಮನೆಯ ಮುತ್ತಜ್ಜ ಹುಟ್ಟಿದಾಗಿನಿಂದ ಮರ ಹತ್ತಿದವನು, ಉಳಿ ಮುಟ್ಟಿದವನಲ್ಲ. ಎರಡು ಮನೆ ಸೇರಿಸಿದರೂ ಉಳಿ ಹಿಡಿದ ಮುದುಕ ಒಬ್ಬನೇ.

ಸಂಪ್ರಿ ಮನೆಗೆ ಹೊರಟಾಗ ಬಾಗಿಲಲ್ಲಿ ಅಡ್ಡ ನಿಂತೆ. "ಯಾವ ಮುದುಕ, ಚಿಕ್ಕತ್ತೆ?"

"ನನ್ನ ಬಾಯಿಗೆ ಬೆಂಕಿ ಹಾಕ. ಬಿಡಪ್ಪ ದಾರಿ."

"ಹೇಳಿ ಹೋಗಿ. ಇಲ್ದಿದ್ರೆ ನಾಳೆ ದೇವಸ್ಥಾನದಲ್ಲಿ ಎಲ್ಲರೆದುರು ಕೇಳ್ತೀನಿ."

ಅವಳು ಹಿಂದೆ ಮುಂದೆ ನೋಡಿದಳು. "ಅವತ್ತು ನಾನೂ ಜತೆಗಿದ್ದೆ ಕಣಪ್ಪ. ಮೈಮೇಲೆ ಬಂದದ್ದು ನಿಮ್ಮಪ್ಪ. ಆ ಕೆಮ್ಮು ಸೈತ ಅವನದೇ. ಇನ್ನು ನನ್ನ ಕೇಳ್ಬೇಡ, ನಿನ್ನ ಹೆಂಡ್ತೀನ ಕೇಳು."

ಅಡುಗೆಮನೆಯಲ್ಲಿ ರಸ್ಮಿನಿ ತೆಂಗಿನತುರಿಗೆ ಮಸಾಲೆ ಕಲಸುತ್ತಿದ್ದಳು. ನಾನು ಬಾಯಿ ತೆರೆಯುವ ಮುಂಚೆಯೇ ಅವಳು ಹೇಳಿದಳು: "ಮಗೂನ ಕೊಡೋಕೆ ನನ್ನಿಂದಾಗ್ಲಿಲ್ಲ, ಬ್ಲಿ." ಗಂಡನನ್ನೂ ಅಣ್ಣನನ್ನೂ ನಮ್ಮಲ್ಲಿ ಬ್ಲಿ ಎಂದೇ ಕರೆಯುವುದು. ಅವತ್ತು ಆ ಪದ ಕಿವಿಗೆ ಕಹಿಯಾಯಿತು.

"ಯಾರು ಕೇಳಿದ್ರು ಮಗೂನ? ಅವಳು ಇಲ್ಲೇ ಬೆಳೀತಿದ್ಲು. ಹೆಸರು ಆ ಗುಡಿಗೆ ಸೇರಿದ್ರೆ ಸಾಕಿತ್ತು."

"ಮೊದ್ಲು ಹೆಸರು ಅಂತಾರೆ, ಆಮೇಲೆ ಮಗೂನೇ ಬೇಕು ಅಂತಾರೆ. ಇನ್ನೊಂದು ಹೆರೋಕಾಗಲ್ಲ ಅಂತ ಡಾಕ್ಟರು ಅಂದಿದ್ರಲ್ಲ. ಮೂರು ತಿಂಗಳ ಕೂಸು. ನೀವಾಗಿದ್ರೆ ಕೊಡ್ತಿದ್ರಾ?"

"ನನ್ನನ್ನ ನಮ್ಮಪ್ಪ ಕೊಡ್ಲಿಲ್ವಾ?"

ಅವಳು ಕಲಸುತ್ತಲೇ ಇದ್ದಳು. ಖಾರ ಕಣ್ಣಿಗೆ ಹತ್ತಿತೋ, ಅತ್ತಳೋ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳುವ ಮನಸ್ಸೂ ನನಗಿರಲಿಲ್ಲ. ಹದಿಮೂರು ವರ್ಷ ಒಂದೇ ಚಾಪೆಯ ಮೇಲೆ ಮಲಗಿದವಳು, ನನ್ನ ಅಪ್ಪನ ಸುದ್ದಿಯನ್ನು ನನ್ನಿಂದಲೇ ಮುಚ್ಚಿಟ್ಟುಕೊಂಡು ದಿನವೂ ಅನ್ನ ಬಡಿಸಿದ್ದಳು.

"ಅಪ್ಪ ಏನಂದ?"

"ಬಿಡಿ ಬ್ಲಿ, ಆಗಿಹೋದದ್ದು."

"ಏನಂದ?"

"'ಕೆತುತ್ ಎಲ್ಲಿ' ಅಂದ್ರು. ಮೂರು ಸಲ ಕೇಳಿದ್ರು. ಒಂದು ಮಾತಾಡ್ಬೇಕಿತ್ತು, ಯಾಕೆ ಬರ್ಲಿಲ್ಲ ಅಂದ್ರು."

"ಅದಕ್ಕೆ ನಿಮ್ಮಮ್ಮ ಏನು ಸುಳ್ಳು ಕಟ್ಟಿದ್ರು?"

"ಅಮ್ಮ ಬಾಯೇ ಬಿಡ್ಲಿಲ್ಲ." ಅವಳು ಈಗ ಕೈ ನಿಲ್ಲಿಸಿದಳು. "ನಾನೇ ಅಂದೆ. ಅವರಿಗೆ ಬರೋಕೆ ಮನಸ್ಸಿಲ್ಲ, ಅವರೀಗ ನಿಮ್ಮವರಲ್ಲ ಅಂದೆ."

"ಅಪ್ಪ?"

"'ಹಾಗಾ, ಆಯ್ತು' ಅಂದು ಹೊರಟುಹೋದ್ರು."

ಏಳು ವರ್ಷ ನಾನು ಬೈದುಕೊಂಡಿದ್ದು ಮಾವನನ್ನು, ನನ್ನ ಹಣೆಬರಹವನ್ನು. ನಂಬಿದವಳೇ ಕತ್ತು ಕೊಯ್ದಿದ್ದಳು. ನನಗೆ ಸಿಟ್ಟಿಗಿಂತ ಮೊದಲು ನಾಚಿಕೆಯಾಯಿತು. ಅಷ್ಟು ದೂರದಿಂದ ಬಂದ ಅಪ್ಪ, ಮಗನಿಗೆ ಬೇಡವಾದೆ ಎಂದುಕೊಂಡೇ ಈ ಅಂಗಳದಲ್ಲಿ ಉಳಿದುಬಿಟ್ಟನಲ್ಲ.

ಮರುದಿನ ಹಿರಿಯರು ಮನೆಮನೆಗೆ ಬರುವ ಹಬ್ಬ. ಎಲ್ಲರ ಅಪ್ಪಂದಿರೂ ಬರುತ್ತಾರೆ. ಮುದಿತ ಆ ಬರಿಯ ಗುಡಿಯ ಮುಂದೆ ಹಣ್ಣು ಅನ್ನ ಇಟ್ಟು ಕಾಯುತ್ತಾನೆ. ಇನ್ನು ತಡೆಯಲಾಗಲಿಲ್ಲ. ಹೊರಗೆ ಬಂದು ಕಾದೆಕ್ ಎದುರು ಮಂಡಿಯೂರಿ ಕೂತೆ.

"ನಾನು ಬರಲ್ಲ ಅಂದಿರ್ಲಿಲ್ಲ," ಎಂದೆ. "ನನ್ನನ್ನ ಯಾರೂ ಕರೀಲೇ ಇಲ್ಲ."

"ಎಲ್ಲಿಗಪ್ಪಾ?"

"ಏಳು, ನಮ್ಮ ಮನೆಗೆ ಹೋಗೋಣ. ದೊಡ್ಡಪ್ಪ ಕಾಯ್ತಿದ್ದಾರೆ."

"ಯಾವ ದೊಡ್ಡಪ್ಪ? ನಂಗ್ಯಾರೂ ಇಲ್ವಲ್ಲ," ಎಂದು ಅವಳು ನಕ್ಕಳು. ಎಬ್ಬಿಸಲು ಕೈ ಹಿಡಿದೆ. ಹಿಡಿತ ಬಿಗಿಯಾಯಿತೇನೋ. ಅವಳ ನಗು ನಿಂತಿತು. "ಇದೇ ನಮ್ಮನೆ. ಬಿಡಿ, ನೋಯುತ್ತೆ."

"ಅಪ್ಪಾ," ಎಂದೆ ನಾನು. ಮಗಳನ್ನು ಮುದ್ದಿಗೆ ಹಾಗೆ ಕರೆಯುವುದುಂಟು. ನಾನು ಕರೆದದ್ದು ಮುದ್ದಿಗಲ್ಲ. "ಅಪ್ಪಾ, ಒಂದೇ ಒಂದು ಸಲ ಬಾ."

ಅವಳು ಕೈ ಕಿತ್ತುಕೊಂಡು ಓಡಿದಳು. ರಸ್ಮಿನಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಮೊಣಕೈವರೆಗೂ ಮಸಾಲೆ. ನನ್ನ ಅಪ್ಪ ಅವಳು ಉಟ್ಟ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಅವಳ ಹಿಂದೆ ಅವಿತುಕೊಂಡು, ಪರಕೀಯನನ್ನು ನೋಡುವಂತೆ ನನ್ನನ್ನು ನೋಡಿದ.